ಅತಿಮಾನುಷ ಶಕ್ತಿಯೂ ಪ್ರಾಚೀನ ಸಮಾಜವೂ

(ಜ್ಯುಬಿಲಿ ಮಹೋತ್ಸವದ ಸಭೆಯಲ್ಲಿ ಮಾಡಲಾದ ಉಪನ್ಯಾಸ)



ತನ್ನ ಬಲವು ತನಗೆ ಸಾಲದೆಂಬ ಅರಿವು ಮನುಷ್ಯನಿಗೆ ಎಂದು ಹುಟ್ಟಿತೋ ಅಂದೇ ಮಾನುಷ ಬಲವನ್ನು ಮೀರಿದವರ ಕಥೆಗಳೂ ಹುಟ್ಟಿರಬೇಕು. ಗಾಳಿಯಲ್ಲಿ ನಡೆಯುವವರು, ನೀರಿನ ಮೇಲೆ ಕೂಡುವವರು, ಮುಟ್ಟಿ ರೋಗವನ್ನು ಕಳೆಯುವವರು, ಮುಂದಾಗುವುದನ್ನು ಇಂದೇ ಕಾಣುವವರು ಇಲ್ಲದ ಪುರಾಣವು ಯಾವ ದೇಶದಲ್ಲಿಯೂ ಇಲ್ಲ. ಭರತಖಂಡದಲ್ಲಿ ಇಂಥ ಶಕ್ತಿಗಳನ್ನು ಅಣಿಮಾದಿ ಅಷ್ಟಸಿದ್ಧಿಗಳೆಂದು ಎಣಿಸಿ ಹೆಸರಿಟ್ಟರು. ಬಾಬಿಲೋನಿಯದವರು ಗಿಲ್ಗಮೇಶನನ್ನೂ, ಗ್ರೀಕರು ಹೆರಾಕ್ಲೀಸನನ್ನೂ ಹೊಗಳಿದರು. ಅಮೇರಿಕಾ ಖಂಡದಲ್ಲಿ ೧೯೩೮ನೆಯ ಇಸವಿಯಲ್ಲಿ ಸೂಪರ್‌ಮ್ಯಾನ್ ಎಂಬ ಚಿತ್ರಕಥೆಯ ವೀರನು ಹುಟ್ಟಿದನು. ಅವನ ವಂಶದವರು ಈಗ ಚಲಚ್ಚಿತ್ರಗಳಲ್ಲಿ ಹಾರಾಡುತ್ತಿರುವುದನ್ನು ಮಠದ ಪಾಠಶಾಲೆಯ ಮಕ್ಕಳು ಸಹ ಬಲ್ಲರು. ಆ ಮಕ್ಕಳು ಹಿರಿಯರನ್ನು ಕೇಳುವ ಒಂದು ಪ್ರಶ್ನೆಯುಂಟು: ಇಂಥವರು ಪೂರ್ವಕಾಲದಲ್ಲಿ ನಿಜವಾಗಿಯೇ ಇದ್ದಿದ್ದರೆ ಲೋಕವು ಏನಾಗುತ್ತಿತ್ತು?

ಯುದ್ಧಗಳು ಬೇಗನೆ ಮುಗಿಯುತ್ತಿದ್ದುವು, ಬರಗಾಲವು ಬರುತ್ತಿರಲಿಲ್ಲ, ರೋಗಗಳು ಇರುತ್ತಿರಲಿಲ್ಲ ಎಂದು ತಟ್ಟನೆ ಉತ್ತರವನ್ನು ಹೇಳಿಬಿಡುವುದು ಸುಲಭ. ಆದರೆ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಸಿದ್ಧಿಗಳು ಸತ್ಯವೋ ಮಿಥ್ಯವೋ ಎಂಬ ಚರ್ಚೆಯನ್ನು ಇಲ್ಲಿ ಬದಿಗಿಟ್ಟು, ಎರಡು ಸಂಗತಿಗಳನ್ನು ಮಾತ್ರ ನೋಡತಕ್ಕದ್ದು. ಪ್ರಾಚೀನ ಸಮಾಜಗಳಿಗೆ ಇದ್ದ ಬಲವು ಎಲ್ಲಿಂದ ಬಂದಿತೆಂಬುದು ಒಂದು. ತಮ್ಮ ನಡುವೆ ಅತಿಮಾನುಷರು ಇರುವರೆಂದು ನಂಬಿದ ಸಮಾಜಗಳು ಹೇಗೆ ನಡೆದುಕೊಂಡುವೆಂಬುದು ಮತ್ತೊಂದು.

ಮೊದಲು ಮಿಸರದೇಶವನ್ನು ನೋಡಬಹುದು. ಅಲ್ಲಿ ಗೀಜಾ ಎಂಬಲ್ಲಿರುವ ಖುಫು ದೊರೆಯ ಮಹಾ ಪಿರಮಿಡ್ಡು ಈಗ್ಗೆ ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನದು. ಅದರಲ್ಲಿ ಇಪ್ಪತ್ತಮೂರು ಲಕ್ಷದಷ್ಟು ಕಲ್ಲುಗಳಿರುವುವೆಂದೂ, ಒಂದೊಂದರ ತೂಕವು ಸರಾಸರಿ ಎರಡೂವರೆ ಟನ್ನೆಂದೂ ಗಣಿಸಿರುವರು. ನೋಡಿದವರಿಗೆ ಇದು ಮನುಷ್ಯರ ಕೆಲಸವೇ ಅಲ್ಲವೆಂದು ತೋರುವುದು ಸಹಜ. ದೈತ್ಯರೋ ಅನ್ಯಲೋಕದವರೋ ಕಟ್ಟಿರಬೇಕೆಂದು ಬರೆಯುವವರು ಇಂದಿಗೂ ಇರುವರು. ಆದರೆ ಕೆಂಪು ಸಮುದ್ರದ ತೀರದ ವಾದಿ ಅಲ್ ಜರ್ಫ್ ಎಂಬಲ್ಲಿ ೨೦೧೩ರಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಮೆರೆರ್ ಎಂಬ ಒಬ್ಬ ಮೇಲ್ವಿಚಾರಕನ ದಿನಚರಿಯು ಉಳಿದುಕೊಂಡಿದೆ. ಅವನು ತನ್ನ ತಂಡದೊಡನೆ ತುರಾ ಎಂಬ ಗಣಿಯಿಂದ ಸುಣ್ಣದ ಕಲ್ಲುಗಳನ್ನು ದೋಣಿಗೆ ತುಂಬಿ ನೈಲ್ ನದಿಯ ಮೇಲೆ ಗೀಜಾಕ್ಕೆ ಸಾಗಿಸಿದವನು. ಇಂದು ಎಲ್ಲಿ ತಂಗಿದೆವು, ನಾಳೆ ಎಲ್ಲಿಗೆ ಹೊರಟೆವು ಎಂಬ ಶಾನುಭೋಗರ ಲೆಕ್ಕದಂಥ ಬರೆಹವದು. ಅದರಲ್ಲಿ ದೈತ್ಯರಿಲ್ಲ, ಮಂತ್ರವಿಲ್ಲ. ಪಿರಮಿಡ್ಡಿನ ಸಮೀಪದಲ್ಲಿಯೇ ಕೆಲಸಗಾರರ ಊರನ್ನು ಅಗೆದು ನೋಡಲಾಗಿ ಅವರಿಗೆ ರೊಟ್ಟಿ ಸುಡುತ್ತಿದ್ದ ಮನೆಗಳೂ, ಅವರ ಗೋರಿಗಳೂ ಕಂಡುಬಂದಿವೆ. ಆ ಗೋರಿಗಳಲ್ಲಿಯ ಎಲುಬುಗಳಲ್ಲಿ ಕೆಲವು ಒಂದು ಸಲ ಮುರಿದು ಮತ್ತೆ ಕೂಡಿಕೊಂಡಂಥವು. ಅಂದಮೇಲೆ ಮುರಿದ ಕೈಯನ್ನು ಕಟ್ಟಿ, ಅದು ಕೂಡುವವರೆಗೂ ಅವನನ್ನು ಕೂಡ್ರಿಸಿ ಅನ್ನ ಹಾಕಿದವರು ಅಲ್ಲಿ ಇದ್ದರೆಂದಾಯಿತು.

ಈಗ ಭೀಮಸೇನನ ನೂರ್ಮಡಿ ಬಲವುಳ್ಳ ಒಬ್ಬನೇ ಒಬ್ಬನು ಖುಫುವಿನ ಆಸ್ಥಾನದಲ್ಲಿದ್ದನೆಂದು ಭಾವಿಸಬಹುದು. ಅವನು ಕಲ್ಲುಗಳನ್ನು ಹೂವಿನಂತೆ ಎತ್ತಿ ಇಡುತ್ತಿದ್ದನು. ಪಿರಮಿಡ್ಡು ವರ್ಷದೊಳಗೆ ಮುಗಿಯುತ್ತಿತ್ತು. ಆದರೆ ದೋಣಿಯ ತಂಡವಾಗಲಿ, ರೊಟ್ಟಿಯ ಮನೆಯಾಗಲಿ, ಕಾಳಿನ ಕಣಜವಾಗಲಿ, ಕಾಳನ್ನು ಅಳೆದು ಬರೆದಿಡುವ ಲೆಕ್ಕಿಗನಾಗಲಿ, ಮುರಿದ ಎಲುಬನ್ನು ಕಟ್ಟುವವನಾಗಲಿ ಅಲ್ಲಿಗೆ ಏತಕ್ಕೆ ಬೇಕಾಗುತ್ತಿದ್ದರು? ಬರೆಹ, ಗಣಿತ, ಅಳತೆ, ಆಡಳಿತ ಎಂದು ನಾಗರಿಕತೆಯ ಹೆಸರಿನಲ್ಲಿ ಯಾವುದನ್ನು ಹೊಗಳುತ್ತಾರೋ ಅದರ ಬಹುಭಾಗವು ಒಬ್ಬನಿಂದ ಆಗದ ಕೆಲಸವನ್ನು ಹತ್ತು ಸಾವಿರ ಜನರು ಹಂಚಿಕೊಂಡದ್ದರಿಂದ ಬಂದ ಫಲವಾಗಿದೆ. ಒಬ್ಬನಿಂದಲೇ ಆಗುತ್ತಿದ್ದಲ್ಲಿ ಪಿರಮಿಡ್ಡು ಇರುತ್ತಿತ್ತು, ಮಿಸರದೇಶವೆಂಬ ರಾಜ್ಯವು ಇರುತ್ತಿತ್ತೋ ಇಲ್ಲವೋ.

ಇದಕ್ಕಿಂತಲೂ ಘನವಾದ ಮಾತು ಮತ್ತೊಂದುಂಟು. ಖುಫುವಿನ ಕಾಲಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ತರುವಾಯ, ಕ್ರಿ.ಪೂ. ೧೨ನೆಯ ಶತಮಾನದಲ್ಲಿ, ಮೂರನೆಯ ರಾಮ್ಸೆಸ್ ಎಂಬ ದೊರೆಯು ಪಟ್ಟವೇರಿದ ೨೯ನೆಯ ವರ್ಷದಲ್ಲಿ ಅರಸರ ಗೋರಿಗಳನ್ನು ಕೊರೆಯುತ್ತಿದ್ದ ಕೆಲಸಗಾರರಿಗೆ ಸಲ್ಲಬೇಕಾದ ಕಾಳು ತಿಂಗಳು ತಿಂಗಳಿಗೆ ತಡವಾಗತೊಡಗಿತು. ಅವರು ಉಳಿಯನ್ನು ಕೆಳಗಿಟ್ಟು, ಕಾವಲುಗೋಡೆಗಳನ್ನು ದಾಟಿ, ದೇವಾಲಯದ ಹಿಂಭಾಗದಲ್ಲಿ ಹೋಗಿ ಕುಳಿತರು. ಹಸಿವೂ ನೀರಡಿಕೆಯೂ ತಮ್ಮನ್ನು ಇಲ್ಲಿಗೆ ಕರೆತಂದುವೆಂದು ಅಧಿಕಾರಿಗಳಿಗೆ ಹೇಳಿ, ದೊರೆಗೆ ತಿಳಿಸಿರೆಂದು ಹಟ ಹಿಡಿದರು. ಕಾಳು ಬಂದಿತು. ಇದೆಲ್ಲವೂ ಆ ಕಾಲದ ಪಪೈರಸ್ಸಿನಲ್ಲಿಯೇ ಬರೆದಿದೆ. ಕೆಲಸ ನಿಲ್ಲಿಸಿ ನ್ಯಾಯ ಕೇಳಿದವರ ಬರೆಹಗಳಲ್ಲಿ ಇಷ್ಟು ಹಳೆಯದು ಬೇರೆಲ್ಲಿಯೂ ದೊರೆತಿಲ್ಲ. ಆ ದೊರೆಯನ್ನು ಪ್ರಜೆಗಳು ಸಾಕ್ಷಾತ್ ದೇವರೆಂದೇ ಪೂಜಿಸುತ್ತಿದ್ದರು. ಹಾಗಿದ್ದರೂ ಕಲ್ಲು ಕೊರೆಯುವ ಬಡವನು ಅವನ ಎದುರಿಗೆ ಆಗದೆಂದು ಕುಳಿತುಕೊಳ್ಳಲು ಶಕ್ತನಾದುದು ಹೇಗೆ? ದೇವರೆನಿಸಿಕೊಂಡವನಿಗೆ ಕಲ್ಲು ಕೊರೆಯಲು ಬಾರದಿದ್ದುದರಿಂದ! ಬಡವನ ಬಲವೆಂಬುದು ಅವನಿಲ್ಲದೆ ಕೆಲಸವು ಸಾಗದೆಂಬುದರಲ್ಲಿದೆ. ಬೆಟ್ಟವನ್ನು ಬೆರಳಿನಿಂದ ಕೊರೆಯಬಲ್ಲವನೊಬ್ಬನು ಅರಮನೆಯಲ್ಲಿದ್ದಿದ್ದರೆ ಆ ದಿನ ಅವರ ಮಾತನ್ನು ಕೇಳುವವರು ಯಾರೂ ಇರುತ್ತಿರಲಿಲ್ಲ.

ದೇಹಬಲದ ಮಾತು ಹೀಗಾಯಿತು. ಇನ್ನು ಭವಿಷ್ಯಜ್ಞಾನ. ಗ್ರೀಕರ ಡೆಲ್ಫಿಯಲ್ಲಿ ಅಪೋಲೋ ದೇವರ ಪೂಜಾರಿಣಿಯು ಆವೇಶದಲ್ಲಿ ನುಡಿಯುತ್ತಿದ್ದ ಕಾರಣಿಕವನ್ನು ಅರಸರೂ ಪಟ್ಟಣದವರೂ ನಂಬುತ್ತಿದ್ದರು. ಕ್ರಿ.ಪೂ. ೪೮೦ರಲ್ಲಿ ಪಾರಸೀಕ ಚಕ್ರವರ್ತಿಯ ಸೈನ್ಯವು ಏರಿಬಂದಾಗ ಅಥೆನ್ಸಿನವರು ಅಲ್ಲಿಗೆ ದೂತರನ್ನು ಅಟ್ಟಿದರು. ಮರದ ಗೋಡೆಯೊಂದೇ ಕಾಯುವುದೆಂಬ ಅರ್ಥದ ನುಡಿಯು ಬಂದಿತು. ಮರದ ಗೋಡೆಯೆಂದರೇನು? ಊರ ನಡುವಣ ಗುಡ್ಡಕ್ಕೆ ಪೂರ್ವದಲ್ಲಿದ್ದ ಮುಳ್ಳುಬೇಲಿಯೇ ಅದು ಎಂದರು ಕೆಲವರು ವೃದ್ಧರು. ಹಡಗುಗಳೇ ಮರದ ಗೋಡೆಯೆಂದನು ಥೆಮಿಸ್ಟೊಕ್ಲೀಸನು. ಅವನು ಕೆಲವೇ ವರ್ಷಗಳ ಹಿಂದೆ, ಲಾರಿಯಂ ಗಣಿಯ ಬೆಳ್ಳಿಯನ್ನು ಮನೆಮನೆಗೆ ಹಂಚದೆ ಹಡಗುಗಳಿಗೆ ವಿನಿಯೋಗಿಸಬೇಕೆಂದು ಜನರನ್ನು ಒಪ್ಪಿಸಿದವನು. ಕಾರಣಿಕದ ಅರ್ಥವನ್ನು ಹೇಳುವುದೇ ವೃತ್ತಿಯಾಗಿದ್ದವರು ಅವನಿಗೆ ವಿರೋಧವಾಗಿ ನುಡಿದರು. ಕೊನೆಗೆ ನೆರೆದ ಪೌರರು ವಾದಿಸಿ, ಥೆಮಿಸ್ಟೊಕ್ಲೀಸನ ಮಾತನ್ನು ಹಿಡಿದು, ಊರನ್ನು ಬಿಟ್ಟು ಹಡಗನ್ನೇರಿ, ಸಲಾಮಿಸ್ ಎಂಬಲ್ಲಿ ಗೆದ್ದರು.

ಆ ಪೂಜಾರಿಣಿಗೆ ನಿಜವಾಗಿ ಮುಂದಿನದು ಕಾಣುತ್ತಿದ್ದು, ಇಂಥ ದಿನ ಇಂಥ ಕೊಲ್ಲಿಯಲ್ಲಿ ಇಷ್ಟು ಹಡಗುಗಳಿಂದ ಗೆಲ್ಲುವಿರೆಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರೆ ಸಭೆಯಲ್ಲಿ ವಾದಿಸುವುದಕ್ಕೆ ಏನು ಉಳಿಯುತ್ತಿತ್ತು? ಕೈಯೆತ್ತಿ ಮತ ಕೊಡುವ ರೂಢಿಯು ಆ ಪಟ್ಟಣದಲ್ಲಿ ಬೆಳೆದದ್ದು ಯಾರಿಗೂ ಮುಂದಿನದು ತಿಳಿಯದೆ ಇದ್ದುದರಿಂದ. ಕಾರಣಿಕದ ಮಬ್ಬು ನುಡಿಯೇ ಸಭೆಯನ್ನು ಉಳಿಸಿತೆಂದು ಹೇಳಿದರೂ ತಪ್ಪಾಗದು.

ರೋಗವನ್ನು ಕಳೆಯುವ ಶಕ್ತಿಯ ವಿಷಯದಲ್ಲಿ ರೋಮಿನ ಇತಿಹಾಸದಿಂದ ಒಂದೇ ಉದಾಹರಣೆಯು ಸಾಕು. ವೆಸ್ಪಾಸಿಯನ್ ಎಂಬ ದಳಪತಿಯು ಚಕ್ರವರ್ತಿಯೆಂದು ಹೊಸದಾಗಿ ಘೋಷಿತನಾಗಿ, ಕ್ರಿ.ಶ. ೭೦ರ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದಾಗ, ಒಬ್ಬ ಕುರುಡನೂ ಒಬ್ಬ ಕೈ ಸೇದಿದವನೂ ಬಂದು ಕಾಲಿಗೆ ಬಿದ್ದು, ಮುಟ್ಟಿ ಗುಣಪಡಿಸಬೇಕೆಂದು ಬೇಡಿಕೊಂಡರು. ಅವನು ಮೊದಲು ನಕ್ಕನು. ಬಳಿಕ ವೈದ್ಯರನ್ನು ಕೇಳಿದನು. ವೈದ್ಯರು, ಈ ರೋಗಗಳು ವಾಸಿಯಾಗತಕ್ಕವೇ. ಆದರೆ ಕೀರ್ತಿಯು ಚಕ್ರವರ್ತಿಗೆ, ಆಗದಿದ್ದರೆ ನಗೆಪಾಟಲು ಆ ದೀನರಿಗೆ ಎಂಬ ಅಭಿಪ್ರಾಯವನ್ನು ಕೊಟ್ಟರೆಂದು ಟಾಸಿಟಸ್ ಎಂಬ ಇತಿಹಾಸಕಾರನು ಬರೆದಿರುವನು. ಬೇರೆ ಯಾವ ಹಕ್ಕೂ ಇಲ್ಲದೆ ಕತ್ತಿಯ ಬಲದಿಂದ ಸಿಂಹಾಸನವೇರುವವನಿಗೆ ಇಂಥದೊಂದು ಪವಾಡವು ಆ ಗಳಿಗೆಯಲ್ಲಿ ಎಷ್ಟು ಬೇಕಾಗಿತ್ತೆಂಬುದನ್ನು ವಿವರಿಸಬೇಕಾದುದಿಲ್ಲ. ಈ ನಂಬಿಕೆಯು ಯೂರೋಪಿನಲ್ಲಿ ಬಹುಕಾಲ ಬಾಳಿತು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯು ೧೬೬೦ರಿಂದ ೧೬೮೫ರವರೆಗಿನ ತನ್ನ ಆಳಿಕೆಯಲ್ಲಿ ಗಂಡಮಾಲೆಯ ರೋಗಿಗಳನ್ನು ಸುಮಾರು ೯೦,೦೦೦ ಮಂದಿಯನ್ನು ಮುಟ್ಟಿದನಂತೆ. ಮುಟ್ಟಿಸಿಕೊಳ್ಳಲು ಚೀಟಿ ಬೇಕು. ಚೀಟಿಗಾಗಿ ೧೬೮೪ರಲ್ಲಿ ವೈದ್ಯನ ಬಾಗಿಲಿನಲ್ಲಿ ನೂಕುನುಗ್ಗಲಾಗಿ ಆರೇಳು ಜನರು ತುಳಿತದಿಂದ ಸತ್ತರು. ಶಕ್ತಿಯುಳ್ಳವನು ಒಬ್ಬನು, ಬೇಡುವವರು ಲಕ್ಷ ಮಂದಿ ಎಂದಾದಲ್ಲಿ ನಡುವೆ ಬಾಗಿಲು ಕಾಯುವವನೊಬ್ಬನು ಹುಟ್ಟಿಯೇ ಹುಟ್ಟುತ್ತಾನೆ. ಆ ಬಾಗಿಲು ಕಾಯುವವನ ಕೈಗೆ ಸೇರಿದ ಅಧಿಕಾರವು ಒಳಗೆ ಕುಳಿತವನ ಶಕ್ತಿಗಿಂತ ಕಡಿಮೆಯದಲ್ಲ.

ಇಷ್ಟನ್ನು ಹೊರದೇಶಗಳಲ್ಲಿ ನೋಡಿದಮೇಲೆ ಭರತಖಂಡಕ್ಕೆ ಬರಬಹುದು. ಸಿದ್ಧಪುರುಷರು ಸಮಾಜದಲ್ಲಿದ್ದರೆ ಅದಕ್ಕೆ ಕಟ್ಟುಪಾಡು ಏನಿರಬೇಕೆಂದು ಆಳವಾಗಿ ಯೋಚಿಸಿದವರು ಇಲ್ಲಿಯವರೇ. ಬೌದ್ಧಸಂಘದ ವಿನಯಪಿಟಕದಲ್ಲಿ ಹೇಳಿರುವ ಎರಡು ಸಂಗತಿಗಳು ಈ ವಿಷಯದಲ್ಲಿ ಬಹು ಮನನೀಯವಾಗಿವೆ.

ರಾಜಗೃಹದ ಶ್ರೇಷ್ಠಿಯೊಬ್ಬನು ಬೆಲೆಬಾಳುವ ಗಂಧದ ಕೊರಡಿನಿಂದ ಒಂದು ಪಾತ್ರೆಯನ್ನು ಮಾಡಿಸಿ, ಬಿದಿರ ಗಳುಗಳ ತುದಿಗೆ ಏರಿಸಿ, ಸಿದ್ಧಿಯುಳ್ಳವರು ಯಾರಾದರೂ ಇದ್ದರೆ ಇಳಿಸಿಕೊಳ್ಳಲೆಂದು ಸಾರಿದನು. ಪಿಂಡೋಲ ಭಾರದ್ವಾಜನೆಂಬ ಭಿಕ್ಷುವು ಆಕಾಶಕ್ಕೆ ಏರಿ ಅದನ್ನು ತೆಗೆದುಕೊಂಡು ಊರನ್ನು ಮೂರು ಸುತ್ತು ಬಂದನಂತೆ. ಜನರು ಕೂಗುತ್ತ ಅವನ ಬೆನ್ನು ಹತ್ತಿದರು. ಗದ್ದಲವನ್ನು ಕೇಳಿದ ಬುದ್ಧದೇವನು ಸಂತೋಷಪಡಲಿಲ್ಲ. ಒಂದು ಮರದ ಬಟ್ಟಲಿಗಾಗಿ ಗೃಹಸ್ಥರ ಮುಂದೆ ಸಿದ್ಧಿಯನ್ನು ಪ್ರದರ್ಶಿಸಿದುದಕ್ಕೆ ಅವನನ್ನು ಕಟುವಾಗಿ ಆಕ್ಷೇಪಿಸಿ, ಇನ್ನು ಮುಂದೆ ಯಾವ ಭಿಕ್ಷುವೂ ಹಾಗೆ ಮಾಡಕೂಡದೆಂದು ನಿಯಮಿಸಿದನು. ಆ ಪಾತ್ರೆಯನ್ನು ಒಡೆದು ಪುಡಿಮಾಡಿ ಕಣ್ಣಿನ ಅಂಜನಕ್ಕೆ ಸುವಾಸನೆಗಾಗಿ ಹಂಚಿದರು. ಸಿದ್ಧಿಯು ಸುಳ್ಳೆಂದು ಆ ಗ್ರಂಥವು ಹೇಳುವುದಿಲ್ಲ. ಭಿಕ್ಷುವು ನಿಜವಾಗಿಯೇ ಹಾರಿದನೆಂದು ಒಪ್ಪಿಕೊಂಡೇ ಅದನ್ನು ದೋಷವೆನ್ನುತ್ತದೆ.

ಎರಡನೆಯದು ಇನ್ನೂ ದಾರುಣವಾದುದು. ವೈಶಾಲಿಯನ್ನೊಳಗೊಂಡ ವೃಜ್ಜಿಗಳ ನಾಡಿನಲ್ಲಿ ಒಂದು ಸಲ ಘೋರವಾದ ಕ್ಷಾಮವು ಬಂದಿತು. ಭಿಕ್ಷೆಯು ದೊರೆಯುವುದು ಕಷ್ಟವಾಯಿತು. ವಗ್ಗುಮುದಾ ನದಿಯ ದಡದಲ್ಲಿ ಮಳೆಗಾಲವನ್ನು ಕಳೆಯುತ್ತಿದ್ದ ಭಿಕ್ಷುಗಳು ಒಂದು ಉಪಾಯವನ್ನು ಹೂಡಿದರು. ಈ ಭಿಕ್ಷುವಿಗೆ ಇಂಥ ಧ್ಯಾನವು ಸಿದ್ಧಿಸಿದೆ, ಆ ಭಿಕ್ಷುವಿಗೆ ಇಂಥ ಅತಿಮಾನುಷ ಜ್ಞಾನವುಂಟು ಎಂದು ಒಬ್ಬರನ್ನೊಬ್ಬರು ಗೃಹಸ್ಥರ ಮುಂದೆ ಹೊಗಳತೊಡಗಿದರು. ಇಂಥ ಮಹಾತ್ಮರು ತಮ್ಮ ಊರಿನಲ್ಲಿ ತಂಗಿದುದು ತಮ್ಮ ಪುಣ್ಯವೆಂದು ನಂಬಿದ ಜನರು, ತಾವು ಉಣ್ಣದ ಅನ್ನವನ್ನು, ತಮ್ಮ ತಾಯಿತಂದೆಗಳಿಗೂ ಹೆಂಡಿರುಮಕ್ಕಳಿಗೂ ಬಡಿಸದ ಅನ್ನವನ್ನು ತಂದು ಇವರಿಗೆ ನೀಡಿದರು. ಮಳೆಗಾಲವು ಮುಗಿದು ಎಲ್ಲ ಕಡೆಯ ಭಿಕ್ಷುಗಳೂ ಬುದ್ಧದೇವನ ಬಳಿಗೆ ಬಂದಾಗ ಉಳಿದವರೆಲ್ಲ ಬಡಕಲಾಗಿ ನರಗಳು ಕಾಣುವಂತಿದ್ದರು. ಈ ದಡದವರು ಮಾತ್ರ ಮೈತುಂಬಿಕೊಂಡು ಮುಖದಲ್ಲಿ ಕಳೆಯುಳ್ಳವರಾಗಿದ್ದರು. ಕೇಳಿದಾಗ ನಡೆದುದು ಹೊರಬಿದ್ದಿತು.

ಆಗ ಏರ್ಪಟ್ಟ ನಿಯಮವನ್ನು ಗಮನಿಸಬೇಕು. ತನ್ನಲ್ಲಿಲ್ಲದ ಅತಿಮಾನುಷ ಸಿದ್ಧಿಯನ್ನು ಇದೆಯೆಂದು ತಿಳಿದುತಿಳಿದು ಹೇಳಿಕೊಂಡವನು ಸಂಘದಿಂದ ಹೊರಗಾಗುವನು. ಭಿಕ್ಷುವನ್ನು ಹೀಗೆ ಶಾಶ್ವತವಾಗಿ ಹೊರಗೆ ಹಾಕುವ ಅಪರಾಧಗಳು ನಾಲ್ಕೇ ನಾಲ್ಕು. ನರಹತ್ಯೆಯು ಮೂರನೆಯದು, ಇದು ನಾಲ್ಕನೆಯದು. ಭ್ರಮೆಯಿಂದ ತನಗೆ ಸಿದ್ಧಿಸಿತೆಂದು ತಪ್ಪು ತಿಳಿದವನಿಗೆ ಮಾತ್ರ ವಿನಾಯಿತಿಯುಂಟು. ಹಾಗಾದರೆ ನಿಜವಾಗಿ ಸಿದ್ಧಿಯುಳ್ಳವನು ಗೃಹಸ್ಥರಿಗೆ ಹೇಳಿಕೊಂಡರೆ? ಅದೂ ದೋಷವೇ; ಅಲ್ಪದೋಷ, ಒಪ್ಪಿಕೊಂಡು ಶುದ್ಧನಾಗಬೇಕಾದುದು. ಸುಳ್ಳಿಗೆ ಬಹಿಷ್ಕಾರ, ನಿಜಕ್ಕೂ ಪ್ರಾಯಶ್ಚಿತ್ತ! ಈ ಕಟ್ಟಳೆಯನ್ನು ಮಾಡಿದವರ ದೃಷ್ಟಿಯು ಸಿದ್ಧನ ಮೇಲೆ ಇರಲಿಲ್ಲ, ಕ್ಷಾಮದಲ್ಲಿ ಮಗುವಿನ ತುತ್ತನ್ನು ತೆಗೆದು ಸಿದ್ಧನ ಪಾತ್ರೆಗೆ ಹಾಕುವ ತಾಯಿಯ ಮೇಲೆ ಇದ್ದಿತು. ಸಿದ್ಧಿಯ ಸುದ್ದಿಯು ನಿಜವಿರಲಿ ಸುಳ್ಳಿರಲಿ, ಆ ತಾಯಿಯು ತೆರುವ ಬೆಲೆಯು ಒಂದೇ.

ಸಂಘದವರು ಮುಚ್ಚಿಡಬೇಕೆಂದುದನ್ನು ಅರಸರು ಆಯುಧವನ್ನಾಗಿ ಮಾಡಿಕೊಳ್ಳಲು ನೋಡಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಲ್ಲಿ ಕಂಡು, ೧೯೦೯ರಲ್ಲಿ ಅಚ್ಚು ಹಾಕಿಸಿದುದು ಕನ್ನಡನಾಡಿಗೆ ಹೆಮ್ಮೆಯ ವಿಷಯ. ಆ ಗ್ರಂಥದಲ್ಲಿ ಗೂಢಚಾರರ ಬಗೆಗಳನ್ನು ಹೇಳುವಲ್ಲಿ ಜಟೆಯ ಅಥವಾ ಬೋಳುದಲೆಯ ತಪಸ್ವಿಯ ವೇಷವೂ ಒಂದು. ಅವನು ಊರ ಹೊರಗೆ ಬಹು ಶಿಷ್ಯರೊಡನೆ ಬೀಡುಬಿಟ್ಟು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಒಂದು ಹಿಡಿ ಸೊಪ್ಪನ್ನು ಎಲ್ಲರೆದುರಿಗೆ ತಿನ್ನಬೇಕು; ಗುಪ್ತವಾಗಿ ಬೇಕಾದುದನ್ನು ಉಣ್ಣಬೇಕು. ಇವನು ಸಿದ್ಧನೆಂದು ಶಿಷ್ಯರು ಸಾರಬೇಕು. ಇಂಥ ಮನೆಗೆ ಬೆಂಕಿ ಬೀಳುವುದು, ಇಂಥವನಿಗೆ ಅರಸನಿಂದ ಬಹುಮಾನ ಬರುವುದು ಎಂದು ಅವನು ಭವಿಷ್ಯವನ್ನು ನುಡಿದರೆ ಬೇರೆ ಚಾರರು ಹೋಗಿ ಅದನ್ನು ನಡೆಸಿಕೊಡಬೇಕು. ಬೊಕ್ಕಸವು ಬರಿದಾದಾಗ ಮರದಲ್ಲಿ ರಾಕ್ಷಸನನ್ನು ತೋರಿಸಿ ಶಾಂತಿಗಾಗಿ ಹಣವೆತ್ತುವುದು, ಬಾವಿಯಲ್ಲಿ ಬಹುಹೆಡೆಗಳ ಹಾವನ್ನು ತೋರಿಸಿ ನೋಡುವವರಿಂದ ಕಾಣಿಕೆ ಪಡೆಯುವುದು ಮುಂತಾದ ಮಾರ್ಗಗಳನ್ನೂ ಅಲ್ಲಿ ಹೇಳಿದೆ. ಶತ್ರುವಿನ ಪಟ್ಟಣವನ್ನು ಮುತ್ತುವ ಅರಸನು ತಾನು ಸರ್ವಜ್ಞನೆಂದೂ ದೇವತೆಗಳು ತನ್ನೊಡನೆ ಮಾತಾಡುವರೆಂದೂ ನಂಬಿಸಬೇಕೆಂದು ಹೇಳಿ, ಸುರಂಗದಿಂದ ಅಗ್ನಿಗೃಹದೊಳಕ್ಕೆ ಜನರನ್ನು ನುಸುಳಿಸುವ ಬಗೆಯನ್ನು ಸಹ ಬಿಡದೆ ವರ್ಣಿಸಿದೆ.

ಇದನ್ನೋದಿ ಕೌಟಿಲ್ಯನನ್ನು ಬಯ್ಯುವವರು ಬಹಳ. ಆದರೆ ಅವನು ಒಂದು ನಿಜವನ್ನು ಮುಚ್ಚುಮರೆಯಿಲ್ಲದೆ ಹೇಳಿದನು: ಅತಿಮಾನುಷನೊಬ್ಬನು ಇದ್ದಾನೆಂಬ ನಂಬಿಕೆಯೊಂದಿದ್ದರೆ ಸಾಕು, ಅತಿಮಾನುಷನೇ ಬೇಕಾಗಿಲ್ಲ. ನಿಜವಾದ ಸಿದ್ಧನೊಬ್ಬನು ಅಂಥ ರಾಜ್ಯದಲ್ಲಿ ಹುಟ್ಟಿದ್ದರೂ ಅವನ ಗತಿಯೇನಾಗುತ್ತಿತ್ತೆಂಬುದನ್ನು ಊಹಿಸಬಹುದು. ಅರಸನ ಕೈಗೆ ಸಿಕ್ಕುತ್ತಿದ್ದನು, ಇಲ್ಲವೇ ಅರಸನೇ ಆಗುತ್ತಿದ್ದನು. ಪತಂಜಲಿಯು ತನ್ನ ಯೋಗಸೂತ್ರದ ಒಂದು ಪಾದವನ್ನೇ ಸಿದ್ಧಿಗಳಿಗೆ ಮೀಸಲಿಟ್ಟು, ಅದೇ ಪಾದದಲ್ಲಿ ಅವು ಸಮಾಧಿಗೆ ವಿಘ್ನಗಳೆಂದು ಎಚ್ಚರಿಸಿದುದು ಸಾಧಕನ ಹಿತಕ್ಕಾಗಿ. ನೆರೆಯವರ ಹಿತಕ್ಕೂ ಅದು ಸಲ್ಲುವುದು.

ಕಲ್ಯಾಣದ ಕಾಲಕ್ಕೆ ಬಂದಾಗ ಇದೇ ವಿಚಾರವು ಮತ್ತೊಂದು ತಿರುವನ್ನು ಪಡೆಯಿತು. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವು ಇಲ್ಲಿ ನೆರೆದವರಿಗೆ ತಿಳಿಯದುದಲ್ಲ. ಕಾಯಸಿದ್ಧಿಯಿಂದ ವಜ್ರದೇಹಿಯಾದ ಗೋರಕ್ಷನನ್ನು ಕತ್ತಿಯಿಂದ ಹೊಡೆದರೆ ಖಣಿಲೆಂಬ ಸದ್ದಾಯಿತು, ಕೂದಲು ಸಹ ಕೊಂಕಲಿಲ್ಲ. ಅದೇ ಕತ್ತಿಯು ಅಲ್ಲಮಪ್ರಭುದೇವರ ದೇಹದಲ್ಲಿ ಬಯಲನ್ನು ಹೊಕ್ಕಂತೆ ಹಾಯ್ದುಹೋಯಿತು. ಇದರ ಯೋಗಾರ್ಥವನ್ನು ಬಲ್ಲವರು ಬಗೆಬಗೆಯಾಗಿ ಹೇಳಿರುವರು. ಇಲ್ಲಿ ಬೇಕಾದುದು ಇಷ್ಟೇ. ಕತ್ತಿಯು ನಾಟದ ದೇಹವು ಲೋಕದಲ್ಲಿ ಯಾರ ಕೆಲಸಕ್ಕೆ ಬಂದಿತು? ಗೋರಕ್ಷನೊಬ್ಬನ ಕೆಲಸಕ್ಕೆ, ಅವನಿಗೂ ಸಹ ಅದು ಕಾಯಬೇಕಾದ ಒಂದು ಗಂಟಾಗಿತ್ತು.

ಸೊನ್ನಲಿಗೆಯ ಸಿದ್ಧರಾಮೇಶ್ವರರ ವಿಷಯವು ಹಾಗಲ್ಲ. ಅವರಿಗೆ ಶ್ರೀಶೈಲದ ಮಲ್ಲಯ್ಯನು ಪ್ರತ್ಯಕ್ಷನಾದನೆಂದೂ, ಅವರ ಹಣೆಗಣ್ಣಿನಿಂದ ಉರಿಯು ಹೊರಡುತ್ತಿದ್ದಿತೆಂದೂ ಪುರಾಣಗಳು ಹೇಳುವುವು. ಅಷ್ಟು ಶಕ್ತಿಯನ್ನು ಅವರಿಗೆ ಕೊಟ್ಟ ಕವಿಗಳು ಸೊನ್ನಲಿಗೆಯ ಕೆರೆಯನ್ನು ಮಾತ್ರ ಒಂದು ಕಣ್ಣುನೋಟದಿಂದ ಉಂಟುಮಾಡಿಸಲಿಲ್ಲ; ಅದನ್ನು ಗುದ್ದಲಿ ಬುಟ್ಟಿಗಳಿಗೇ ಬಿಟ್ಟರು. ಪ್ರಭುದೇವರು ಅಲ್ಲಿಗೆ ಬಂದಾಗ ಕಂಡದ್ದು ಮಣ್ಣು ಹೊರುತ್ತಿರುವ ಜನರ ಸಾಲುಗಳನ್ನು. ಒಡ್ಡರಾಮನೆಲ್ಲಿ ಎಂದು ಅವರು ಕೇಳಿದರು. ತಮ್ಮ ಗುರುವನ್ನು ಒಡ್ಡನೆಂದುದಕ್ಕೆ ಕೆಲಸದವರು ಸಿಟ್ಟಾಗಿ ಕಲ್ಲುಗಳನ್ನು ಬೀರಿದರು. ಪ್ರಭುದೇವರು ಕೆರೆ ಗುಡಿಗಳ ಅಭಿಮಾನವನ್ನು ಬಿಡಿಸಲೆಂದು ಹಾಗೆ ಕೆಣಕಿದರೆಂಬುದು ಸಂಪ್ರದಾಯದ ಅರ್ಥ. ಒಡ್ಡನೆಂಬ ಮಾತಿನಿಂದ ನೊಂದವರು ಕೆರೆ ತೋಡುವವರೇ ಎಂಬುದು ಮಾತ್ರ ಸ್ವಲ್ಪ ವಿಚಿತ್ರವಾಗಿದೆ. ಸಿದ್ಧನ ಮಹಿಮೆಯನ್ನು ತಮ್ಮ ಗುದ್ದಲಿಗಿಂತ ದೊಡ್ಡದೆಂದು ಅವರೂ ನಂಬಿದ್ದರು. ಅನಂತರ ಸಿದ್ಧರಾಮೇಶ್ವರರು ಕಲ್ಯಾಣಕ್ಕೆ ಹೋಗಿ, ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು.

ಕೆರೆಯು ಅಲ್ಲಿಯೇ ಉಳಿಯಿತು. ಈಗ ಸೊಲ್ಲಾಪುರವೆಂಬ ದೊಡ್ಡ ಪಟ್ಟಣವು ಅದರ ಸುತ್ತಲೂ ಬೆಳೆದಿದೆ. ಸಿದ್ಧೇಶ್ವರ ದೇವಾಲಯವು ಅದೇ ನೀರನ್ನು ಬಳಸಿಕೊಂಡು ನಿಂತಿದೆ. ಮಕರಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದೀಧ್ವಜಗಳು ಊರೊಳಗೆ ಹೊರಡುವುವು. ಒಂದೊಂದು ಧ್ವಜವೂ ಆಳೆತ್ತರವನ್ನು ಎಷ್ಟೋ ಪಾಲು ಮೀರಿದ್ದು. ಒಬ್ಬನು ಹೊತ್ತು ದಣಿದಾಗ ಪಕ್ಕದಲ್ಲಿದ್ದವನು ಹೆಗಲು ಕೊಡುವನು.